ನೊಂದವರ ಮಾತೇ ಪ್ರಮಾಣ

ಕೀಲು ಎಷ್ಟು ಸವೆದಿದೆಯೆಂಬುದನ್ನು ಕ್ಷ-ಕಿರಣದ ಚಿತ್ರ ತೋರಿಸುತ್ತದೆ. ಆದರೆ ಆ ಕೀಲಿನ ಒಡೆಯರು ರಾತ್ರಿ ನೆಮ್ಮದಿಯಿಂದ ನಿದ್ರಿಸಿದರೇ, ಮೆಟ್ಟಿಲಿಳಿಯುವಾಗ ಅಂಜಿದರೇ ಎಂಬುದು ಯಾವ ಚಿತ್ರದಲ್ಲಿಯೂ ಮೂಡುವುದಿಲ್ಲ. ಅದನ್ನು ಅನುಭವಿಸುವವರೇ ಹೇಳಬೇಕು, ಉಳಿದವರು ಕೇಳಬೇಕು.

ಹೀಗೆ ಕೇಳುವುದಕ್ಕೂ ಒಂದು ಕ್ರಮವಿದೆ. ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ಸಿದ್ಧವಾದ ಪ್ರಶ್ನಾವಳಿಗಳಲ್ಲಿ ಸೊಂಟದ ಕೀಲಿನದು 1996ರಲ್ಲಿಯೂ ಮಂಡಿಯದು 1998ರಲ್ಲಿಯೂ ಪ್ರಕಟವಾದವು. ಮಂಡಿಯದರಲ್ಲಿ 12 ಪ್ರಶ್ನೆಗಳಿವೆ. ಕಳೆದ 4 ವಾರಗಳ ಅನುಭವವನ್ನು ನೆನೆದು ರೋಗಿಯೇ ಉತ್ತರಿಸಬೇಕು. ಈಗಿನ ಕ್ರಮದಂತೆ ಪ್ರತಿ ಉತ್ತರಕ್ಕೆ 0ಯಿಂದ 4 ಅಂಕ. ಒಟ್ಟು 48 ಬಂದರೆ ಅತ್ಯುತ್ತಮ ಸ್ಥಿತಿ. ಇಂಗ್ಲೆಂಡಿನ ಸರಕಾರಿ ಆರೋಗ್ಯ ಸೇವೆಯು 2009ರಲ್ಲಿ, ಕೀಲು ಬದಲಾವಣೆಗೆ ಮೊದಲೂ ಆರು ತಿಂಗಳ ಅನಂತರವೂ ಇಂಥ ಪ್ರಶ್ನೆಗಳನ್ನು ಕೇಳುವ ಪದ್ಧತಿಯನ್ನು ದೇಶವ್ಯಾಪಿಯಾಗಿ ಆರಂಭಿಸಿತು.

ನನ್ನ ಸೋದರತ್ತೆಯವರಿಗೆ ಮಂಡಿಯ ಶಸ್ತ್ರಚಿಕಿತ್ಸೆಯಾದ ಮೇಲೆ ಮರುತಪಾಸಣೆಗೆ ನಾನೂ ಜೊತೆಗೆ ಹೋಗಿದ್ದೆ. ದಾದಿ ಇಂಥದೇ ಹಾಳೆಯೊಂದನ್ನು ಕೊಟ್ಟಾಗ ಅತ್ತೆಯವರ ಮಗ ತಾನೇ ಗುರುತು ಹಾಕತೊಡಗಿದ. “ಅಮ್ಮ ಈಗ ಆರಾಮಾಗಿದ್ದಾರೆ” ಎಂಬುದು ಅವನ ದೃಢವಾದ ನಂಬಿಕೆ. ದಾದಿ ಹಾಳೆಯನ್ನು ಹಿಂದಕ್ಕೆ ಪಡೆದು, ಅತ್ತೆಯವರ ಪಕ್ಕದಲ್ಲಿ ಕುಳಿತು ಒಂದೊಂದೇ ಪ್ರಶ್ನೆಯನ್ನು ಕನ್ನಡದಲ್ಲಿ ಓದಿದರು. ರಾತ್ರಿಯ ನೋವಿನ ಪ್ರಶ್ನೆ ಬಂದಾಗ ಅತ್ತೆ ಮೆಲ್ಲಗೆ ಹೇಳಿದರು: “ಮಗ್ಗುಲು ಬದಲಿಸಿದರೆ ಎಚ್ಚರವಾಗುತ್ತದಮ್ಮ. ಇವನಿಗೆ ಹೇಳಿಲ್ಲ. ಇಷ್ಟೊಂದು ಖರ್ಚು ಮಾಡಿದ್ದಾನೆ, ಇನ್ನೂ ನೋವಿದೆ ಎಂದರೆ ನೊಂದುಕೊಳ್ಳುತ್ತಾನೆ.”

ನಮ್ಮ ಮನೆಗಳಲ್ಲಿ ಹಿರಿಯರ ನೋವು ಮರೆಯಾಗುವುದು ಬಹುಮಟ್ಟಿಗೆ ಹೀಗೆಯೇ, ವಾತ್ಸಲ್ಯದ ಕಾರಣದಿಂದಲೇ. ಅಂದು ವೈದ್ಯರು ಆ ಉತ್ತರವನ್ನು ಓದಿ, ರಾತ್ರಿಯ ಔಷಧಿಯನ್ನು ಬದಲಿಸಿ ವ್ಯಾಯಾಮವನ್ನು ತಿದ್ದಿದರು. ಒಟ್ಟು ಅಂಕವನ್ನಷ್ಟೇ ನೋಡಿದ್ದರೆ, ಮೊದಲಿಗಿಂತ ಎಷ್ಟೋ ಮೇಲೆಂದು ಸಮಾಧಾನಪಟ್ಟು ಕಳುಹಿಸಿಬಿಡಬಹುದಿತ್ತು.

ಪ್ರಶ್ನಾವಳಿಯೇ ಸರ್ವಸ್ವವಲ್ಲ. ಮಂಡಿಯೂರಿ ಮತ್ತೆ ಏಳಬಲ್ಲಿರಾ ಎಂದು ಅದು ಕೇಳುತ್ತದೆ. ಊಟಕ್ಕೂ ಪೂಜೆಗೂ ನೆಲದ ಮೇಲೆ ಕಾಲು ಮಡಚಿ ಕೂರುವ ನಮ್ಮ ರೂಢಿಯನ್ನು ಕೇಳುವುದಿಲ್ಲ. ಅತ್ತೆಯವರ ಮೊದಲ ಚಿಂತೆ ಅದೇ ಆಗಿತ್ತು. ಹಾಳೆಯಲ್ಲಿ ಇಲ್ಲದ್ದನ್ನು ವೈದ್ಯರು ಬಾಯಿಮಾತಿನಲ್ಲಿ ಕೇಳಿ ತಿಳಿಯಬೇಕು. ಇನ್ನು, ಉತ್ತರಗಳನ್ನು ಪಡೆದು ಯಾರೂ ಓದದೆ ಕಡತದಲ್ಲಿ ಕಟ್ಟಿಡುವುದಾದರೆ ಕೇಳದಿರುವುದೇ ಮೇಲು. ತನ್ನ ಸಂಕಟವನ್ನು ಹೇಳಿಕೊಂಡವರಿಗೆ ಅದರ ಫಲ ಸಿಗಬೇಕು.

ಆದುದರಿಂದ ಮನೆಯವರಲ್ಲಿ ನನ್ನ ವಿನಂತಿ ಇಷ್ಟೆ: ಹಿರಿಯರ ಪರವಾಗಿ ಉತ್ತರಿಸಬೇಡಿ. ಓದಲಾಗದವರಿಗೆ ಪ್ರಶ್ನೆಯನ್ನು ಇದ್ದಂತೆಯೇ ಓದಿ ಹೇಳಿ, ಅವರು ಕೊಟ್ಟ ಉತ್ತರವನ್ನು ತಿದ್ದದೆ ಬರೆಯಿರಿ. ಶಸ್ತ್ರಚಿಕಿತ್ಸೆಗೆ ನೆರವು ನೀಡುವ ಧರ್ಮಸಂಸ್ಥೆಗಳು ವಾರ್ಷಿಕ ವರದಿಯಲ್ಲಿ ಎಷ್ಟು ಮಂದಿಗೆ ನೆರವಾದೆವೆಂದು ಎಣಿಸಿ ಬರೆಯುತ್ತವೆ. ಆರು ತಿಂಗಳು ಕಳೆದ ಬಳಿಕ ಅವರಲ್ಲಿ ಎಷ್ಟು ಮಂದಿ ನಿದ್ರಿಸುತ್ತಿದ್ದಾರೆ, ನಡೆಯುತ್ತಿದ್ದಾರೆ ಎಂದು ಅವರನ್ನೇ ಕೇಳಿ ಬರೆಯುವುದೂ ಆ ನೆರವಿನ ಭಾಗವಾಗಲಿ.