ಹಫೀತ್ ಬೆಟ್ಟದ ಬುಡದಲ್ಲಿ

ಡಿಸೆಂಬರ್ 20, 2024, ಶುಕ್ರವಾರ. ಅಲ್ ಐನ್

ನಮಾಜಿನ ಹೊತ್ತಿಗೆ ಆಫೀಸು ಮುಗಿಯಿತು. ಅಮ್ಮನನ್ನು ಕೂರಿಸಿಕೊಂಡು ಅಬುಧಾಬಿಯಿಂದ ನೇರ ಇಲ್ಲಿಗೆ. ಬಹಳ ದೂರದಿಂದಲೇ ಹಫೀತ್ ಕಾಣಿಸಿಕೊಂಡಿತು. ಸುತ್ತ ಸಪಾಟು ಮರಳು, ನಡುವೆ ಒಂದೇ ಉದ್ದನೆಯ ಬೋಳು ಬೆನ್ನು. ಎತ್ತರ 1,200 ಮೀಟರಿಗಿಂತ ತುಸು ಹೆಚ್ಚು. ಪುತ್ತೂರಿನ ಹಸಿರಲ್ಲೇ ಬದುಕು ಕಳೆದ ಅಮ್ಮ, "ಒಂದು ಮರವೂ ಇಲ್ವಲ್ಲ ಮಗಾ, ಈ ಗುಡ್ಡೆಗೆ ಸೆಕೆ ಆಗುದಿಲ್ವಾ?" ಎಂದು ಕೇಳಿದರು.

ಡಿಸೆಂಬರ್ 21, ಶನಿವಾರ

ಬೆಳಿಗ್ಗೆ ಬೆಟ್ಟದ ಪೂರ್ವದ ತಪ್ಪಲಿಗೆ ಹೋದೆವು. ಅಲ್ಲಿ ಸುಮಾರು 5,000 ವರ್ಷ ಹಿಂದಿನ ಕಲ್ಲುಗೋರಿಗಳಿವೆ. ಕೆತ್ತದ ಕಲ್ಲುಗಳನ್ನು ಗಾರೆಯಿಲ್ಲದೆ ಗುಮ್ಮಟದಂತೆ ಪೇರಿಸಿದ್ದಾರೆ. ಒಳಗೆ ಒಂದೇ ಕೋಣೆ, ಬಗ್ಗಿ ನುಸುಳುವಷ್ಟು ಸಣ್ಣ ಬಾಗಿಲು. 1959ರಲ್ಲಿ ಡೆನ್ಮಾರ್ಕಿನ ಪುರಾತತ್ವಜ್ಞರು ಇಲ್ಲಿ ಅಗೆತ ಶುರು ಮಾಡಿದರು. ಮೆಸೊಪೊಟೇಮಿಯಾದ ಮಣ್ಣಿನ ಕುಡಿಕೆಗಳೂ ತಾಮ್ರದ ವಸ್ತುಗಳೂ ಸಿಕ್ಕವು. ಅಂದರೆ ಆ ಕಾಲಕ್ಕೇ ಇಲ್ಲಿಯವರಿಗೆ ದೂರದ ನಾಡಿನ ಜೊತೆ ವ್ಯಾಪಾರವಿತ್ತು. 2011ರಲ್ಲಿ ಯುನೆಸ್ಕೋ ಇವನ್ನು ಅಲ್ ಐನಿನ ಇತರ ತಾಣಗಳ ಜೊತೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ನಾವಿದ್ದಷ್ಟು ಹೊತ್ತು ಬೇರೆ ಯಾರೂ ಬರಲಿಲ್ಲ. ಅಮ್ಮ ಚಪ್ಪಲಿ ಕಳಚಿಟ್ಟು ಒಂದು ಗೋರಿಯ ಮುಂದೆ ನಿಂತರು. ನಾನೂ ಕಳಚಿದೆ.

ಮಧ್ಯಾಹ್ನ ಗ್ರೀನ್ ಮುಬಝ್ಝರ. ಬೋಳು ಬಂಡೆಯ ಬುಡಕ್ಕೇ ಹುಲ್ಲುಹಾಸು, ಅದರ ನಡುವೆ ಬಿಸಿನೀರಿನ ಕಾಲುವೆ. ಸ್ನಾನಕ್ಕೆ ಗಂಡಸರಿಗೆ, ಹೆಂಗಸರಿಗೆ ಬೇರೆ ಬೇರೆ ಕೊಳ. ಅಮ್ಮನಿಗೆ ಕಾಲುವೆಯೇ ಸಾಕಾಯಿತು. ಸೀರೆ ಮೊಣಕಾಲಿಗೆ ಎತ್ತಿ ಕಟ್ಟಿ ಅಂಚಿನಲ್ಲಿ ಕೂತು, ಮೊದಲು ಹೆಬ್ಬೆರಳು, ಆಮೇಲೆ ಪಾದ, ಕೊನೆಗೆ ಮೀನಖಂಡದವರೆಗೂ ಇಳಿಸಿದರು. "ನಮ್ಮ ಬೆಂದ್ರುತೀರ್ಥದ ನೀರು ಇಷ್ಟು ಬಿಸಿ ಇಲ್ಲ" ಎಂದರು. ಇರ್ದೆಯ ಆ ಬುಗ್ಗೆಗೆ ಅಜ್ಜಿಯೊಂದಿಗೆ ಹೋಗುತ್ತಿದ್ದ ಸುದ್ದಿ ಶುರುವಾಯಿತು. ಪಕ್ಕದಲ್ಲಿ ಕಾಲು ಇಳಿಬಿಟ್ಟಿದ್ದ ಅರಬ್ ಅಜ್ಜಿಯೊಬ್ಬರು ಅಮ್ಮನ ಮೊಣಕಾಲು ತೋರಿಸಿ, ತಮ್ಮದನ್ನೂ ತಟ್ಟಿ, ಖರ್ಜೂರದ ಡಬ್ಬಿ ಮುಂದೆ ಹಿಡಿದರು.

ಇಲ್ಲಿ ಜ್ವಾಲಾಮುಖಿ ಇಲ್ಲ. ನೆಲದಾಳಕ್ಕೆ ಇಂಗಿದ ನೀರು ಭೂಮಿಯ ಒಳಗಿನ ಶಾಖಕ್ಕೆ ಕಾದು, ಸುಣ್ಣಕಲ್ಲಿನ ಬಿರುಕುಗಳಲ್ಲಿ ಮೇಲೇರುತ್ತದೆ. ವರ್ಷದಲ್ಲಿ ಕೆಲವೇ ದಿನ ಮಳೆ ಕಾಣುವ ಊರಿನಲ್ಲಿ ಈ ನೀರಿನ ಬೆಲೆ ದೊಡ್ಡದು.

ಡಿಸೆಂಬರ್ 22, ಭಾನುವಾರ

ಬೆಟ್ಟದ ರಸ್ತೆ ಹತ್ತಿದ್ದು ನಿನ್ನೆ ಸಂಜೆ. ಬರೆಯಲು ಆಗಿದ್ದು ಇವತ್ತು. ಸುಮಾರು 12 ಕಿಲೋಮೀಟರ್. ನುಣ್ಣಗಿನ ಡಾಂಬರು, ಒಂದರ ಹಿಂದೊಂದು ತಿರುವು. ಸೈಕಲ್ ಸವಾರರು ಏದುಸಿರು ಬಿಡುತ್ತ ಹತ್ತುತ್ತಿದ್ದರು. ಯುಎಇ ಟೂರ್ ಪಂದ್ಯದ ಕಠಿಣ ಹಂತ ಮುಗಿಯುವುದು ಈ ಬೆಟ್ಟದ ಮೇಲೆಯೇ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ರಸ್ತೆಗೆಂದು ಕಡಿದ ಬಂಡೆ. ಪದರಗಳು ಅಡ್ಡಕ್ಕೆ ಮಲಗಿಲ್ಲ, ಓರೆಯಾಗಿ ಎದ್ದಿವೆ. ಸಮುದ್ರದ ತಳದಲ್ಲಿ 3ರಿಂದ 5 ಕೋಟಿ ವರ್ಷಗಳ ಹಿಂದೆ ಕೂತ ಸುಣ್ಣದ ಕೆಸರು ಗಟ್ಟಿಯಾಗಿ, ಆಮೇಲೆ ಭೂಮಿಯ ಒತ್ತಡಕ್ಕೆ ಮಡಚಿ ಮೇಲೆದ್ದಿದೆ. ಕಾರು ನಿಲ್ಲಿಸುವ ಜಾಗದಲ್ಲಿ ಒಂದು ಕಲ್ಲಿನ ತುಂಬ ಮಸೂರ ಬೇಳೆಯಷ್ಟು ದುಂಡನೆಯ ಗುರುತುಗಳು: ಆ ಸಮುದ್ರದಲ್ಲಿದ್ದ ಏಕಕೋಶ ಜೀವಿಗಳ ಚಿಪ್ಪು. ಬೆರಳಾಡಿಸಿದರೆ ಅಂಚು ಸಿಗುತ್ತದೆ. ಒಬ್ಬ ಹುಡುಗ ಕಲ್ಲಿನಿಂದ ಕುಟ್ಟಿ ಒಂದನ್ನು ಕೀಳಲು ನೋಡುತ್ತಿದ್ದ. ಬೇಡ ಎಂದೆ. ಪುಣ್ಯಕ್ಕೆ ಬಿಟ್ಟ.

ಮೇಲೆ ಕತ್ತಲಾಯಿತು. ಕೆಳಗೆ ಅಲ್ ಐನಿನ ದೀಪಗಳು, ಆಚೆಗೆ ಒಮಾನ್. ಎಲ್ಲರೂ ಫೋಟೋ ತೆಗೆಯುವುದು ಇದನ್ನೇ, ಚೆಂದವೂ ಇದೆ. ಆದರೆ ಕೆಳಗಿನ ಗೋರಿ, ನಡುವಿನ ಕಲ್ಲು ನೋಡದೆ ಬರೀ ಇದಕ್ಕಾಗಿ ಬಂದು ಹೋದರೆ ಹಫೀತ್ ನೋಡಿದಂತಾಗುವುದಿಲ್ಲ. ಮುಂದಿನ ತಿಂಗಳು ಅಕ್ಕನ ಮಕ್ಕಳು ಬರುತ್ತಾರೆ. ಅವರನ್ನು ಮೊದಲು ಪೂರ್ವದ ತಪ್ಪಲಿಗೇ ಕರೆದೊಯ್ಯಬೇಕು, ರಸ್ತೆ ಆಮೇಲೆ.