ಖಣದ ಊರಿನಲ್ಲಿ ಟೆನಿಸ್ ಮಾತು

ಬಾದಾಮಿ ಕಡೆಯಿಂದ ಗುಳೇದಗುಡ್ಡಕ್ಕೆ ಬರುವವರಿಗೆ ಮೊದಲು ಕಾಣುವುದು ಕೆಂಪು ಬಂಡೆಯ ಗುಡ್ಡಗಳು. ಓಣಿ ಹೊಕ್ಕರೆ ಮಗ್ಗದ ಸದ್ದು. ಕೈಮಗ್ಗಗಳು ಮೊದಲಿನಷ್ಟಿಲ್ಲ, ಆದರೂ ಇಳಕಲ್ ಸೀರೆಗೆ ಜೋಡಿಯೆಂದರೆ ಈ ಊರಿನ ಖಣದ ಕುಪ್ಪಸವೇ.

ಇಂಥ ನೇಕಾರರ ಊರಿನಲ್ಲೂ ಟೆನಿಸ್ ಮೆಚ್ಚುವ ನಾವು ಕೆಲವರಿದ್ದೇವೆ. ಅಚ್ಚರಿಯ ಗೆಲುವು ಎಂದೊಡನೆ ನಮಗೆ 1985ರ ವಿಂಬಲ್ಡನ್ ನೆನಪಾಗುತ್ತದೆ. ಶ್ರೇಯಾಂಕವಿಲ್ಲದ ಬೋರಿಸ್ ಬೆಕರ್ 17ನೇ ವಯಸ್ಸಿಗೇ ಚಾಂಪಿಯನ್ ಆದ ವರ್ಷವದು.

ಅದಕ್ಕೆ ತದ್ವಿರುದ್ಧವಾದ ಅಚ್ಚರಿ ತಂದವರು ನಮ್ಮ ಕೊಡಗಿನ ರೋಹನ್ ಬೋಪಣ್ಣ. 2024ರ ಜನವರಿಯಲ್ಲಿ ಮ್ಯಾಥ್ಯೂ ಎಬ್ಡೆನ್ ಜೊತೆ ಆಸ್ಟ್ರೇಲಿಯನ್ ಓಪನ್ ಪುರುಷರ ಡಬಲ್ಸ್ ಗೆದ್ದಾಗ ಅವರಿಗೆ 43 ವರ್ಷ. ಅದೇ ವಯಸ್ಸಿನಲ್ಲಿ ಡಬಲ್ಸ್‌ನಲ್ಲಿ ವಿಶ್ವದ ಮೊದಲ ಸ್ಥಾನಕ್ಕೂ ಏರಿದರು. 2010 ಮತ್ತು 2023ರ ಅಮೆರಿಕನ್ ಓಪನ್ ಫೈನಲ್‌ಗಳಲ್ಲಿ ಅವರು ಸೋತಿದ್ದರು. ಮೊಣಕಾಲಿನ ಮೃದ್ವಸ್ಥಿ ಸವೆದಿತ್ತು. ಮೃದ್ವಸ್ಥಿಗೆ ರಕ್ತನಾಳಗಳಿಲ್ಲ, ಸವೆದರೆ ತಾನಾಗಿ ಬೆಳೆಯುವುದು ಕಷ್ಟ. ಸುತ್ತಲಿನ ಸ್ನಾಯುಗಳು ಗಟ್ಟಿಯಾದರೆ ಕೀಲಿನ ಭಾರ ಹಗುರಾಗುತ್ತದೆ. ಬೋಪಣ್ಣ ಅಯ್ಯಂಗಾರ್ ಯೋಗದಿಂದ ಕಾಲಿಗೆ ಬಲ ತುಂಬಿಕೊಂಡರು.

ಹತ್ತನೇ ತರಗತಿಯ ಫಲಿತಾಂಶ ಬಂದ ದಿನವೇ ‘ನಮ್ಮ ಹುಡುಗಂದು ಇಷ್ಟ ನೋಡ್ರಿ ಸರ’ ಎನ್ನುವ ಪಾಲಕರು ನಮ್ಮಲ್ಲಿ ಬಹಳ. ಮಗ್ಗದ ಮನೆಯವರಿಗೆ ಗೊತ್ತಿಲ್ಲದ್ದೇನಲ್ಲ: ಖಣ ನೇಯುವ ಮೊದಲು ಹಾಸಿನ ಎಳೆಗಳನ್ನು ಒಂದೊಂದಾಗಿ ಜೋಡಿಸಬೇಕು. ಆಗ ಹೂವೂ ಕಾಣದು, ತೇರೂ ಕಾಣದು. ಹಾಗೆಂದು ಯಾರೂ ಮಗ್ಗ ಬಿಟ್ಟು ಏಳುವುದಿಲ್ಲ. ಹದಿನೇಳಕ್ಕೆ ಗೆದ್ದ ಬೆಕರ್‌ನ ಗಡಿಯಾರವನ್ನೇ ಎಲ್ಲ ಮಕ್ಕಳ ಕೈಗೂ ಕಟ್ಟಬೇಡಿ.