ಹಾಡಹಗಲಿನ ಎರಡು ದೀಪ

ನಮ್ಮ ಕಡೆ ರಸ್ತೆಗಳಲ್ಲಿ ಒಂದು ಸನ್ನೆ ಇದೆ. ಎದುರಿಗೆ ಬರುವ ಬೈಕಿನವನು ಒಂದು ಕೈ ಎತ್ತಿ, ಐದೂ ಬೆರಳು ಕೂಡಿಸಿ ಬಿಚ್ಚಿ, ಕೂಡಿಸಿ ಬಿಚ್ಚಿ ತೋರಿಸುತ್ತಾನೆ. ನಿನ್ನ ಗಾಡಿಯ ಲೈಟು ಉರಿಯುತ್ತಿದೆ, ಆರಿಸಿಕೋ ಅಂತ. 2017ರ ಏಪ್ರಿಲ್ 1ರಿಂದ ಹೊಸ ದ್ವಿಚಕ್ರ ವಾಹನಗಳಲ್ಲಿ ಎಂಜಿನ್ ಚಾಲೂ ಆದೊಡನೆ ಹೆಡ್‌ಲೈಟು ತಾನೇ ಹೊತ್ತಿಕೊಳ್ಳಬೇಕು ಎಂಬ ನಿಯಮ ಬಂತು; ಆರಿಸಲು ಸ್ವಿಚ್ಚೇ ಇಲ್ಲದಾಯಿತು. ಇಷ್ಟು ವರ್ಷವಾದರೂ ಆ ಸನ್ನೆ ಪೂರ್ತಿ ನಿಂತಿಲ್ಲ. ಹಾಗೆ ನಿಲ್ಲದಿರುವುದು ನನಗೆ ಇಷ್ಟವೇ. ಮುಖಪರಿಚಯವಿಲ್ಲದವನ ಬ್ಯಾಟರಿ ಇಳಿದುಹೋದೀತೆಂದು ಅರವತ್ತರ ವೇಗದಲ್ಲಿ ಹೋಗುತ್ತಲೇ ಕೈ ಎತ್ತುವ ಕಾಳಜಿ ಎಲ್ಲ ಊರಲ್ಲೂ ಸಿಗುವಂಥದ್ದಲ್ಲ.

ನನ್ನ ಗಾಡಿ ಆ ನಿಯಮಕ್ಕಿಂತ ಹಳೆಯದು. ಹಗಲಿನಲ್ಲಿ ಅದರ ದೀಪ ಆರಿಯೇ ಇರುತ್ತಿತ್ತು. ಸಿಂಧನೂರಿನಿಂದ ಮಸ್ಕಿ, ಮಸ್ಕಿಯಿಂದ ಲಿಂಗಸುಗೂರು ನನ್ನ ನಿತ್ಯದ ದಾರಿ. ಜೇವರ್ಗಿಯಿಂದ ಚಾಮರಾಜನಗರದವರೆಗೆ ಹೋಗುವ 150ಎ ರಾಷ್ಟ್ರೀಯ ಹೆದ್ದಾರಿಯ ಒಂದು ತುಣುಕು. ಸಿಂಧನೂರಿನಿಂದ ಲಿಂಗಸುಗೂರು ವಾಯವ್ಯಕ್ಕಿದೆ. ಬೆಳಿಗ್ಗೆ ಹೋಗುವಾಗ ಸೂರ್ಯ ಬೆನ್ನಿಗೆ, ಸಂಜೆ ಮರಳುವಾಗಲೂ ಬೆನ್ನಿಗೆ. ಎಂಥ ಸುಖದ ನೌಕರಿ, ಕಣ್ಣಿಗೆ ಬಿಸಿಲೇ ಹೊಡೆಯುವುದಿಲ್ಲ ಎಂದು ಗೆಳೆಯರು ಹೇಳುವುದುಂಟು. ನನ್ನ ಕಣ್ಣಿಗೆ ಹೊಡೆಯದ ಬಿಸಿಲು ಎದುರಿನವನ ಕಣ್ಣಿಗೆ ಹೊಡೆಯುತ್ತದಲ್ಲ! ಎರಡು ಹೊತ್ತೂ ಅವನು ಹಣೆಯ ಮೇಲೆ ಕೈಯಿಟ್ಟುಕೊಂಡು ಬರುತ್ತಾನೆ. ಅವನ ಪಾಲಿಗೆ ನಾನು ಉರಿಯುವ ಆಕಾಶದ ಕೆಳಗೆ ಒಂದು ಕರಿ ಗೆರೆ.

ಈ ದಾರಿಗೆ ಇನ್ನೂ ಕೆಲವು ಗುಣಗಳಿವೆ. ಲಿಂಗಸುಗೂರಿನ ಕಡೆ ಬಂಡೆಗಲ್ಲು, ತೊಗರಿ, ಜೋಳ. ಹಟ್ಟಿಯ ಚಿನ್ನದ ಗಣಿಯೂ ಅದೇ ತಾಲ್ಲೂಕಿನಲ್ಲಿ. ಸಿಂಧನೂರಿಗೆ ಹತ್ತಿರವಾದಂತೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿದು ಕಣ್ಣು ಹಾಯುವಷ್ಟು ದೂರ ಭತ್ತ. ನೀರಾವರಿಯ ನೆಲದಲ್ಲಿ ಪ್ರತಿ ಉಪಕಾಲುವೆಯ ಏರಿಯೂ ಒಂದು ದಾರಿ, ಪ್ರತಿ ಕ್ಯಾಂಪಿನ (ಕಾಲುವೆ ನೆಲದ ವಸತಿಗಳಿಗೆ ಇಲ್ಲಿ ಅದೇ ಹೆಸರು) ಮುಂದೂ ಒಂದು ತಿರುವು, ಪ್ರತಿ ತಿರುವಿನಲ್ಲೂ ಒಂದು ಟ್ರ್ಯಾಕ್ಟರು. ನಾಟಿಯ ಕಾಲಕ್ಕೆ ಕೆಸರು ಮೆತ್ತಿದ ಗಾಲಿಯಲ್ಲೇ ಹೆದ್ದಾರಿಗೆ ಏರುತ್ತವೆ. ಸುಗ್ಗಿಯಲ್ಲಿ ಕಟಾವಿನ ಯಂತ್ರಗಳು ಅರ್ಧ ರಸ್ತೆ ಹಿಡಿದು ಬರುತ್ತವೆ. ಉಳಿದರ್ಧದಲ್ಲಿ ಭತ್ತ ಒಣಗುತ್ತಿರುತ್ತದೆ, ಸುತ್ತ ಕಲ್ಲಿಟ್ಟುಕೊಂಡು. ಚಳಿಗಾಲದ ನಸುಕಿನಲ್ಲಿ ಗದ್ದೆಯ ಮಂಜು, ಏಪ್ರಿಲ್ ಮಧ್ಯಾಹ್ನ ಡಾಂಬರಿನ ಮೇಲೆ ಬಿಸಿಲ್ಗುದುರೆ. ಇಲ್ಲಿ ನನಗೆ ರಸ್ತೆ ಕಾಣುವುದು ಎಷ್ಟು ಮುಖ್ಯವೋ, ರಸ್ತೆಯಲ್ಲಿರುವವರಿಗೆ ನಾನು ಕಾಣುವುದೂ ಅಷ್ಟೇ ಮುಖ್ಯ. ಹಗಲು ದೀಪದ ಕೆಲಸ ಎರಡನೆಯದು. ಎತ್ತಿನ ಕೊರಳ ಗೆಜ್ಜೆಯಂತೆ ಅದು: ಎತ್ತಿಗಾಗಿ ಕಟ್ಟಿದ್ದಲ್ಲ, ದಾರಿಯಲ್ಲಿ ಬರುವವರಿಗಾಗಿ ಕಟ್ಟಿದ್ದು.

ಹಗಲು ದೀಪದ ಈ ವಿಚಾರ ಮೊದಲು ಕಾನೂನಾದದ್ದು ಹಗಲೇ ಮಂಕಾಗಿರುವ ನಾಡುಗಳಲ್ಲಿ. ಫಿನ್‌ಲ್ಯಾಂಡಿನಲ್ಲಿ 1972ರಿಂದ ಚಳಿಗಾಲದ ಹಳ್ಳಿ ರಸ್ತೆಗಳಿಗೆ, ಸ್ವೀಡನ್ನಿನಲ್ಲಿ 1977ರಿಂದ ವರ್ಷವಿಡೀ. ಯೂರೋಪಿನ ಹೊಸ ಮಾದರಿಯ ಕಾರುಗಳಿಗೆ 2011ರಿಂದ ಹಗಲು ದೀಪ ಕಡ್ಡಾಯ. ಬಿಸಿಲಿಗೇ ಹೆಸರಾದ ನಮ್ಮ ರಾಯಚೂರು ಜಿಲ್ಲೆಗೆ ಇದೇಕೆ ಎಂದು ಕೇಳುವವರಿದ್ದಾರೆ. ಬಿಸಿಲು ಹೆಚ್ಚಿದಷ್ಟೂ ನೆರಳು ಕಪ್ಪು. ಬೇವಿನ ಮರದ ಕೆಳಗಿನಿಂದ ಹೊರಬರುವ ಬೈಕು ನಡು ಮಧ್ಯಾಹ್ನವೂ ಕಣ್ಣಿಗೆ ಬೀಳುವುದು ತಡವಾಗಿಯೇ.

ಇನ್ನೊಂದು ಮಾತಿದೆ. ಎದುರಿನಿಂದ ಬರುವ ವಸ್ತು ಎಷ್ಟು ಬೇಗ ದೊಡ್ಡದಾಗುತ್ತದೆ ಎಂಬುದರಿಂದ ಕಣ್ಣು ಅದರ ವೇಗವನ್ನು ಅಳೆಯುತ್ತದೆ. ಲಾರಿ ಅಗಲ, ದೂರದಿಂದಲೇ ಬೆಳೆಯತೊಡಗುತ್ತದೆ. ಬೈಕು ಸಣಕಲು, ಬಹಳ ಹೊತ್ತು ಅಷ್ಟೇ ಇದ್ದು, ಹತ್ತಿರ ಬಂದಾಗ ಒಮ್ಮೆಲೇ ಹಿಗ್ಗುತ್ತದೆ. ‘ಇನ್ನೂ ದೂರ ಐತಿ’ ಎಂದುಕೊಂಡು ಟ್ರ್ಯಾಕ್ಟರಿನವನು ತಿರುಗಿಸುವುದು ಇದರಿಂದಲೇ. ಒಂದೇ ದೀಪ ಒಂದು ಚುಕ್ಕೆ. ಎರಡನ್ನು ಅಂತರ ಬಿಟ್ಟು ಕಟ್ಟಿದರೆ ನಡುವಿನ ಅಂತರ ಹಿಗ್ಗುವುದು ಕಣ್ಣಿಗೆ ಸಿಗುತ್ತದೆ. ನಾನು ಒಂದರ ಬದಲು ಎರಡು ದೀಪ ಆಯ್ದುಕೊಂಡದ್ದು ಈ ಕಾರಣಕ್ಕೆ.

ಕಣ್ಣು ಹುಡುಕುವುದನ್ನಷ್ಟೇ ಕಾಣುತ್ತದೆ ಎಂಬುದೂ ನಿಜ. ತಿರುವಿನಲ್ಲಿ ನಿಂತವನು ಬಸ್ಸು ಲಾರಿಗಳನ್ನು ಹುಡುಕುತ್ತಾನೆ. ನೇರ ನಮ್ಮತ್ತ ನೋಡಿಯೂ ನಮ್ಮನ್ನು ಕಾಣುವುದಿಲ್ಲ. ಇದಕ್ಕೆ ಒಂದು ದೊಡ್ಡ ಅಪವಾದ ನಮ್ಮ ದಾರಿಯಲ್ಲೇ ನಡೆದಿದೆ. 1915ರಲ್ಲಿ ಸಿ. ಬೀಡನ್ ಎಂಬ ಗಣಿ ಎಂಜಿನಿಯರು ಚಿನ್ನದ ಜಾಡು ಹಿಡಿದು ಮಸ್ಕಿಯ ಬೆಟ್ಟಗಳಲ್ಲಿ ಅಲೆಯುತ್ತಿದ್ದರು. ಅವರಿಗೆ ಸಿಕ್ಕಿದ್ದು ಬಂಡೆಯ ಮೇಲಿನ ಬ್ರಾಹ್ಮೀ ಅಕ್ಷರಗಳು. ಶಾಸನಗಳ ‘ದೇವಾನಾಂಪ್ರಿಯ’ನೇ ಅಶೋಕ ಎಂಬುದಕ್ಕೆ ಹೆಸರಿನ ಸಾಕ್ಷಿ ಮೊದಲು ದೊರೆತದ್ದು ಆ ಬಂಡೆಯಿಂದ. ಚಿನ್ನ ಹುಡುಕುವ ಕಣ್ಣಿಗೆ ಅಕ್ಷರ ಕಂಡಿತಲ್ಲ ಎಂದು ಮಸ್ಕಿ ದಾಟುವಾಗಲೆಲ್ಲ ನನಗೆ ಆ ಮನುಷ್ಯನ ಮೇಲೆ ಪ್ರೀತಿ ಉಕ್ಕುತ್ತದೆ. ಎಲ್ಲ ತಿರುವಿನಲ್ಲೂ ಅಂಥ ಕಣ್ಣಿನವರು ನಿಂತಿರುವುದಿಲ್ಲ. ಅದಕ್ಕೇ ದೀಪ ಬೇಕು.

ಸಿಂಧನೂರಿನಲ್ಲಿ ಟ್ರ್ಯಾಕ್ಟರ್ ವೈರಿಂಗ್ ಮಾಡುವ ಅಂಗಡಿಗಳಿಗೆ ಬರವಿಲ್ಲ. ನಾನು ಹೋದದ್ದು ಹಿರಿಯ ಮಿಸ್ತ್ರಿಯೊಬ್ಬರ ಹತ್ತಿರ. ರಾಳದ ವಾಸನೆ, ಗೋಡೆಯ ಮೊಳೆಗಳಿಗೆ ಬಣ್ಣಬಣ್ಣದ ವೈರಿನ ಸುರುಳಿ, ಬೆಂಚಿನ ಮೇಲೆ ಬಿಚ್ಚಿಟ್ಟ ಡೈನಮೊ. ತಲಾ ನಾಲ್ಕು ವಾಟಿನ ಎರಡು ಎಲ್‌ಇಡಿ ದೀಪ ತೋರಿಸಿದೆ. ಎರಡೂ ಕೂಡಿ ಎಂಟು ವಾಟು. 12 ವೋಲ್ಟಿನ ಬ್ಯಾಟರಿಯಿಂದ ಎಳೆಯುವುದು ಮುಕ್ಕಾಲು ಆಂಪಿಯರಿಗೂ ಕಡಿಮೆ. 35 ವಾಟಿನ ಹೆಡ್‌ಲೈಟನ್ನೇ ಹಗಲೆಲ್ಲ ಉರಿಸಿದರೆ ಸುಮಾರು ಮೂರು ಆಂಪಿಯರು ಬೇಕು. ಮಿಸ್ತ್ರಿ ದೀಪವನ್ನು ಅಂಗೈಯಲ್ಲಿ ತೂಗಿ, ಹಿಂದಿನ ರಬ್ಬರಿನ ಬಿಗಿ ನೋಡಿ, “ನೀರು ಹೋಗಾಂಗಿಲ್ಲ, ಚಲೋ ಐತಿ” ಅಂದರು.

ಮೊದಲ ಪ್ರಶ್ನೆ, ಎಲ್ಲಿ ಕಟ್ಟುವುದು? ಹ್ಯಾಂಡಲ್ಲಿನ ಹತ್ತಿರ ಕಟ್ಟಿದರೆ ಅಂದ. ಆದರೆ ಅಲ್ಲಿ ಅಂತರ ಸಿಗದು, ಹ್ಯಾಂಡಲ್ ತಿರುಗಿದಷ್ಟು ಸಲ ವೈರು ಮಡಚಿ ಒಳಗೊಳಗೇ ತಾಮ್ರದ ಎಳೆಗಳು ಕಡಿಯುತ್ತವೆ. ಲೆಗ್‌ಗಾರ್ಡು ತಿರುಗುವುದಿಲ್ಲ, ಅಗಲವೂ ಇದೆ. ಅದರ ಮೇಲಿನ ಬಾಗಿನಲ್ಲಿ, ಆದಷ್ಟು ಹೊರಗೆ, ರಬ್ಬರ್ ಪಟ್ಟಿ ಸುತ್ತಿ ಕ್ಲಾಂಪು ಹಾಕಿದೆವು. ಬೆಳಕು ನೆಲಕ್ಕೂ ಅಲ್ಲ, ಆಕಾಶಕ್ಕೂ ಅಲ್ಲ, ನೇರ ಮುಂದಕ್ಕೆ.

ಆಮೇಲೆ ವೈರಿಂಗು. ನನಗೆ ಇದರಷ್ಟು ಸವಿಯಾದ ಕೆಲಸ ಕಡಿಮೆ. ಮೊದಲು ಬ್ಯಾಟರಿಯ ಮೈನಸ್ ಬಿಚ್ಚಬೇಕು. ಪ್ಲಸ್ಸಿನಿಂದ ಹೊರಟ ವೈರಿಗೆ ಒಂದು ಗೇಣಿನೊಳಗೇ ಫ್ಯೂಸು. ಬ್ಯಾಟರಿಗೂ ಫ್ಯೂಸಿಗೂ ನಡುವಿನ ವೈರಿಗೆ ಕಾವಲಿಲ್ಲ, ಅದು ಗಿಡ್ಡವಾದಷ್ಟೂ ಒಳ್ಳೆಯದು. ಎರಡು ಆಂಪಿಯರಿನ ಫ್ಯೂಸು ಸಾಕು. ಅದರ ಮುಂದೆ ರಿಲೇ, ಅಂದರೆ ಇಗ್ನಿಷನ್ನಿನ ಸಣ್ಣ ಕರೆಂಟಿನಿಂದ ನಡೆಯುವ ಸ್ವಿಚ್ಚು, ಬೇಕೆಂದೆ. ಮಿಸ್ತ್ರಿ, “ರಿಲೇ ಯಾಕ್ರೀ ಇಷ್ಟು ಸಣ್ಣ ಲೈಟಿಗೆ? ಇಗ್ನಿಷನ್ ವೈರಿಗೇ ಸೀದಾ ಕೊಡ್ತೀನಿ” ಅಂದರು. ಲೆಕ್ಕದಲ್ಲಿ ಅವರ ಮಾತು ಸರಿ. ಆದರೂ ನಾನು ಪಟ್ಟು ಬಿಡಲಿಲ್ಲ. ಮಳೆಯಲ್ಲಿ ದೀಪದ ವೈರು ಎಲ್ಲೋ ಶಾರ್ಟ್ ಆದರೆ ಹಾರಬೇಕಾದದ್ದು ದೀಪದ ಫ್ಯೂಸು. ಮಸ್ಕಿಯಾಚೆ ಬಯಲಿನಲ್ಲಿ ಗಾಡಿಯೇ ನಿಂತುಬಿಡಬಾರದು.

ರಿಲೇ ಒಪ್ಪಿದ ಮೇಲೆ ಅದರಿಂದ ಇನ್ನೊಂದು ಕೆಲಸ ತೆಗೆಯುವ ಉಪಾಯ ಹೇಳಿದವರು ಅವರೇ. ರಿಲೇಯಲ್ಲಿ ಅಂಕಿ ಬರೆದ ಕಾಲುಗಳಿರುತ್ತವೆ: 30ಕ್ಕೆ ಬ್ಯಾಟರಿ, 87ಕ್ಕೆ ದೀಪ, 86ಕ್ಕೆ ಇಗ್ನಿಷನ್, 85ನ್ನು ಎಲ್ಲರೂ ಗಾಡಿಯ ಮೈಗೆ ಅರ್ತ್ ಮಾಡುತ್ತಾರೆ. ಮಿಸ್ತ್ರಿ ಅದನ್ನು ಮುಂದಿನ ಪಾರ್ಕಿಂಗ್ ಬಲ್ಬಿನ ವೈರಿಗೆ ಸೇರಿಸಿದರು. ಹಗಲು ಆ ಬಲ್ಬು ಆರಿರುತ್ತದೆ. ಅದರೊಳಗಿನ ತಂತಿಯ ಮೂಲಕವೇ ರಿಲೇಗೆ ಅರ್ತ್ ಸಿಕ್ಕು ಹಗಲು ದೀಪಗಳು ಹೊತ್ತುತ್ತವೆ. ಕತ್ತಲಾಗಿ ಲೈಟಿನ ಸ್ವಿಚ್ ಒತ್ತಿದರೆ ಆ ವೈರಿಗೂ 12 ವೋಲ್ಟು ಬರುತ್ತದೆ. ಎರಡೂ ಕಡೆ ಸಮಸಮ ವೋಲ್ಟು, ರಿಲೇ ಬಿಟ್ಟುಕೊಡುತ್ತದೆ, ಹಗಲು ದೀಪ ತಾನೇ ಆರುತ್ತದೆ. ಹೆಚ್ಚಿನ ಸ್ವಿಚ್ಚಿಲ್ಲ, ನೆನಪಿಡುವ ಗೋಜಿಲ್ಲ. ಲೈಟುಗಳು ಬ್ಯಾಟರಿಯಿಂದ ಉರಿಯುವ, ತಂತಿಯ ಬಲ್ಬಿರುವ ಗಾಡಿಗೆ ಮಾತ್ರ ಇದು ನಡೆಯುತ್ತದೆ. ಮ್ಯಾಗ್ನೆಟ್ಟಿನ ಎಸಿ ಕರೆಂಟಿನಿಂದಲೇ ಹೆಡ್‌ಲೈಟು ಉರಿಯುವ ಹಳೆಯ ಗಾಡಿಗಳಿಗೆ ಹೊಂದುವುದಿಲ್ಲ. ಒಂದು ವೈರಿನ ತುದಿಯನ್ನು ಇಲ್ಲಿಂದ ಅಲ್ಲಿಗೆ ಸರಿಸಿದ್ದರಲ್ಲಿ ಇಷ್ಟು ಬುದ್ಧಿ ಅಡಗಿದೆಯಲ್ಲ ಎಂದು ನಾನು ಸ್ವಿಚ್ಚನ್ನು ಒತ್ತಿ ಬಿಟ್ಟು, ಒತ್ತಿ ಬಿಟ್ಟು ನೋಡುತ್ತ ನಿಂತೆ. ರಿಲೇ ಸೀಟಿನ ಕೆಳಗಿಂದ ಟಕ್ ಟಕ್ ಅಂದಿತು. ಮಿಸ್ತ್ರಿಯ ಮುಖವೂ ಅರಳಿತ್ತು.

ಜಾಯಿಂಟುಗಳಿಗೆ ಅವರು ಬೆಸುಗೆ ಹಾಕಲಿಲ್ಲ. ನಡುಗುವ ಗಾಡಿಯಲ್ಲಿ ಸೀಸ ಹೀರಿಕೊಂಡ ವೈರು ಬಿರುಸಾಗಿ, ಬೆಸುಗೆಯ ಪಕ್ಕಕ್ಕೇ ತುಂಡಾಗುತ್ತದಂತೆ. ಲಗ್ ಒತ್ತಿ, ಮೇಲೆ ಸ್ಲೀವ್ ಏರಿಸಿ, ಲೈಟರಿನ ಉರಿ ದೂರದಿಂದ ಆಡಿಸಿದರೆ ಸ್ಲೀವ್ ಮುದುಡಿ ವೈರನ್ನು ಬಿಗಿಯಾಗಿ ಅಪ್ಪುತ್ತದೆ. ಟೇಪು ಬೇಡವೆಂದರು. ನಲವತ್ತು ಡಿಗ್ರಿ ದಾಟುವ ನಮ್ಮ ಬೇಸಿಗೆಗೆ ಟೇಪಿನ ಅಂಟು ಕರಗಿ, ಅದರ ಮೇಲೆ ಎರೆಮಣ್ಣಿನ ಧೂಳು ಕೂತು, ಮಳೆಗಾಲದ ಹೊತ್ತಿಗೆ ಜಾಯಿಂಟು ಬಾಯಿಬಿಟ್ಟಿರುತ್ತದೆ. ಸೈಲೆನ್ಸರಿನಿಂದ ದೂರ, ಟ್ಯಾಂಕಿನ ಅಡಿ, ಹಳೆಯ ವೈರುಗಳ ಜೊತೆಯಲ್ಲೇ ಹೊಸ ವೈರೂ ಸಾಗಿತು. ಕೊನೆಗೆ ಬ್ಯಾಟರಿಗೆ ಮೀಟರ್ ಇಟ್ಟೆವು: ಎಂಜಿನ್ ನಿಂತಾಗ 12.6 ವೋಲ್ಟು, ಎಂಜಿನ್ನಿನ ವೇಗ ಏರಿಸಿದಾಗ ದೀಪ ಉರಿಯುತ್ತಿದ್ದರೂ 14ರ ಆಸುಪಾಸು. ಗಾಡಿಗೆ ಭಾರವಾಗಿಲ್ಲ.

ಇದನ್ನು ಬರೆಯುವಾಗ ಕಣ್ಣು ಕುಕ್ಕುವ ಬಿಳಿ ದೀಪಗಳ ಮಾತು ಆಡದಿರಲಾರೆ. ಹಗಲು ದೀಪವೆಂದು ಹೇಳಿ ಅವನ್ನೇ ಕಟ್ಟಿಸಿಕೊಳ್ಳುವವರು ಬಹಳ. ಮುಂದೆ ಸ್ಪಾಟ್‌ಲೈಟ್ ಹಾಕುವುದನ್ನು ಕೇಂದ್ರ ಮೋಟಾರು ವಾಹನ ನಿಯಮಗಳೇ ತಡೆಯುತ್ತವೆ. 2024ರ ಜುಲೈನಲ್ಲಿ ಕರ್ನಾಟಕದ ಪೊಲೀಸರು ಪ್ರಖರ ಎಲ್‌ಇಡಿಗಳ ವಿರುದ್ಧ ರಾಜ್ಯದಾದ್ಯಂತ ಕೇಸು ಹಾಕಿದರು. ಸರಿಯಾಗಿಯೇ ಮಾಡಿದರು. ಯೂರೋಪಿನ ನಿಯಮ ಹಗಲು ದೀಪದ ಬೆಳಕಿಗೆ ಕನಿಷ್ಠ ಮಿತಿಯ ಜೊತೆಗೆ 1200 ಕ್ಯಾಂಡೆಲಾದ ಗರಿಷ್ಠ ಮಿತಿಯನ್ನೂ ಇಟ್ಟಿದೆ. ಎದುರಿನವನಿಗೆ ನಾನು ಕಾಣಬೇಕು, ಜೊತೆಗೆ ರಸ್ತೆಯೂ ಅವನಿಗೆ ಕಾಣುತ್ತಿರಬೇಕು. ಅವನ ಕಣ್ಣನ್ನೇ ಕಿತ್ತುಕೊಂಡು ನಾನು ಸುರಕ್ಷಿತವಾಗಿರುವುದು ಹೇಗೆ?

ದೀಪ ಕಟ್ಟಿದ ಮೇಲೆ ರಸ್ತೆ ಬದಲಾಗಿಲ್ಲ. ಆದರೆ ಕ್ಯಾಂಪಿನ ತಿರುವುಗಳಲ್ಲಿ ಟ್ರ್ಯಾಕ್ಟರಿನ ಮುಂಗಾಲಿ ಹೆದ್ದಾರಿಗೆ ಇಳಿಯುವ ಮುಂಚೆ ನಿಲ್ಲುವುದನ್ನು ನೋಡುತ್ತೇನೆ. ಬೆರಳು ಬಿಚ್ಚಿ ಕೂಡಿಸುವವರು ಹೆಚ್ಚಾಗಿದ್ದಾರೆ. ನಾನು ಕೈ ಎತ್ತಿ ನಮಸ್ಕಾರ ಮಾಡುತ್ತೇನೆ. ಸನ್ನೆ ಮಾಡಿದವನು ನನ್ನನ್ನು ಕಂಡಿದ್ದಾನೆ ಎಂದಾಯಿತಲ್ಲ.

ಮಸ್ಕಿಯ ಚಹಾದಂಗಡಿಯ ಮುಂದೆ ರೈತರೊಬ್ಬರು ಬಗ್ಗಿ ದೀಪ ನೋಡಿ, ಎಷ್ಟು ಬಿತ್ತು, ಯಾರು ಕಟ್ಟಿದರು ಎಂದು ವಿಚಾರಿಸಿದರು. ಆಮೇಲೆ ತಮ್ಮ ಟ್ರೇಲರಿನತ್ತ ಕೈ ತೋರಿಸಿ, “ಇದರ ಹಿಂದ ಏನೂ ಇಲ್ರಿ. ರಾತ್ರಿ ಭತ್ತ ಹೇರಿ ನಿಂತ್ರ ಯಾರಿಗೂ ಕಾಣಂಗಿಲ್ಲ. ಇದಕ್ಕೂ ಏನರ ಮಾಡಾಕ ಬರ್ತೈತೇನು?” ಅಂದರು. ಹಿಂದಕ್ಕೆ ಕೆಂಪು ದೀಪ, ಹಲಗೆಯುದ್ದಕ್ಕೂ ಬೆಳಕಿಗೆ ಹೊಳೆಯುವ ಕೆಂಪು ಪಟ್ಟಿ ಬೇಕು ಅಂದೆ. ಪಟ್ಟಿ ಮಸ್ಕಿಯಲ್ಲೇ ಸಿಕ್ಕಿತು. ಹಲಗೆಯ ಧೂಳು ಒರೆಸಿ ಇಬ್ಬರೂ ಕೂಡಿ ಅಂಟಿಸಿದೆವು. ದೀಪಕ್ಕೆ ಸಿಂಧನೂರಿನ ಮಿಸ್ತ್ರಿಯ ಅಂಗಡಿಯ ಗುರುತು ಹೇಳಿ ಕಳಿಸಿದೆ.